ಬ್ರಾಕೆಟ್ಟಿನಲ್ಲಿ ಅತ್ತೆಯ ಹೆಸರು

ಕೊಯಮತ್ತೂರಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು ಈಗ ನೆಪಕ್ಕೆ ಮಾತ್ರ. ನಿಜವಾದ ಕೆಲಸ ಪಿಎಚ್‌ಡಿ ಥೀಸಿಸ್‌ಗಳನ್ನು ಕಂಪ್ಯೂಟರಿಗೆ ಹಾಕಿ, ಎಲ್ಲೆಲ್ಲಿ ಯಾರ್ಯಾರ ಮಾತನ್ನು ಹೆಸರು ಹೇಳದೆ ಎತ್ತಿಕೊಂಡಿದ್ದಾರೆ ಎಂದು ಕಂಡುಹಿಡಿಯುವುದು. ಬೇರೆಡೆ ಅಚ್ಚಾದ ಸಾಲು ಹೆಸರಿಲ್ಲದೆ ಇಲ್ಲಿಯೂ ಇದ್ದರೆ ಅದು ಪರದೆಯ ಮೇಲೆ ಕೆಂಪಾಗುತ್ತದೆ. ಗದಗಿನಲ್ಲಿರುವ ನಮ್ಮವ್ವ ನೆರೆಹೊರೆಯವರಿಗೆ “ನಮ್ಮ ದ್ರಾಕ್ಷಾಯಣಿ ಅಲ್ಲಿ ಕಳ್ಳರನ್ನ ಹಿಡಿಯೋ ಕೆಲಸದಾಗ ಅದಾಳ” ಎಂದು ಹೇಳಿಕೊಂಡು ತಿರುಗುತ್ತಾಳೆ. ನಾನೂ ಬೇಡ ಎಂದಿಲ್ಲ.

ಗೋಕಿಲಾಳ ಥೀಸಿಸ್ ಹಾಕಿದ ದಿನ ಮೂರನೆಯ ಅಧ್ಯಾಯ ಹೆಚ್ಚುಕಡಿಮೆ ಪೂರ್ತಿ ಕೆಂಪಾಯಿತು. ಪಕ್ಕದಲ್ಲೇ ಕೂತಿದ್ದ ಅವಳು, ಯಂತ್ರ ಕೆಟ್ಟಿದೆ, ಇನ್ನೊಮ್ಮೆ ಹಾಕಿ ಎಂದಳು. ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ ಕೆಂಪು. ಆ ಸಾಲುಗಳೆಲ್ಲ ಹೋದ ವರ್ಷ ಒಂದು ಪತ್ರಿಕೆಯಲ್ಲಿ ಬಂದ ಲೇಖನದಲ್ಲಿದ್ದವು. ಲೇಖಕರು ಪ್ರೊಫೆಸರ್ ದೀನದಯಾಳನ್, ಗೋಕಿಲಾಳ ಸ್ವಂತ ಗೈಡ್.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಪರದೆಯನ್ನೇ ನೋಡುತ್ತ, “ಅಕ್ಕಾ, ಅವ್ರು ನಮ್ ಮನೆಗೆ ಬಂದು ಎಲೆ ಹಾಕಿ ಉಂಡ್ಬುಟ್ಟು ಹೋದೋರು ತಾನೆ” ಎಂದಳು. ನನಗೆ ಮೈ ಉರಿದುಹೋಯಿತು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುವುದು ನಮ್ಮ ಕಡೆಯ ಗಾದೆ. ಈ ಮನುಷ್ಯ ಉಂಡ ಮೇಲೆ ಮುಂದಿನ ದೀಪಾವಳಿಯವರೆಗೂ ನೆನೆದಿರಲಿಲ್ಲ.

ಗೋಕಿಲಾ ಯಾರು ಎಂದು ಹೇಳಬೇಕು. ಜವಳಿ ವಿಭಾಗದಲ್ಲಿ ಪಾಠ ಮಾಡುತ್ತಾಳೆ, ಎತ್ತರದ ಹೆಂಗಸು, ಸದಾ ಸ್ವಲ್ಪ ಬಾಗಿ ನಡೆಯುತ್ತಾಳೆ. ಹುಟ್ಟಿದ್ದು ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿನ ವರ್ಕ್‌ಶಾಪಿನಲ್ಲಿದ್ದರು. ನೇಕಾರರ ಜಾತಿ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಂದೋ ಕನ್ನಡ ಸೀಮೆಯಿಂದ ಬಂದವರಂತೆ, ಯಾವ ಊರಿನಿಂದ ಎಂದು ಯಾರಿಗೂ ತಿಳಿಯದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನಿನಲ್ಲಿ ಅವ್ವನ ಜೊತೆ ಜಗಳವಾಡುತ್ತಿದ್ದಾಗ ಹತ್ತಿರ ಬಂದು, “ನೀವೂ ನಮ್ ಮನೆ ಮಾತು ಮಾತಾಡೋರಾ?” ಎಂದು ಕೇಳಿದಳು. ಅಂದಿನಿಂದ ನಾನು ಅಕ್ಕ. ನನ್ನ ಕನ್ನಡ ಅವಳಿಗೆ ಟಿವಿ ಕನ್ನಡ, ಅವಳ ಕನ್ನಡ ನನಗೆ ತಮಿಳಿನ ಒಗ್ಗರಣೆ ಬಿದ್ದ ಸಾರು. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ. ನಾನು ಬರೆಯುತ್ತಿರುವ ಇದನ್ನೂ ನಾನೇ ಓದಿ ಹೇಳಬೇಕು.

ಗಂಡ ಮುರುಗೇಶನ್ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಗಂಡನ ಮನೆ ಧಾರಾಪುರಂ ರಸ್ತೆಯ ಒಂದು ನೇಕಾರರ ಊರಿನಲ್ಲಿದೆ, ಅಲ್ಲಿಯೂ ಮನೆಮಾತು ಅದೇ ಕನ್ನಡ. ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಕೈಮಗ್ಗ ಆ ಮನೆಯಲ್ಲಿ ಇಂದಿಗೂ ಸದ್ದು ಮಾಡುತ್ತದೆ. ಅದರ ಮುಂದೆ ಕೂರುವವರು ಗೋಕಿಲಾಳ ಅತ್ತೆ. ಅವರ ಹೆಸರು ಪೆರಿಯನಾಯಕಿ. ನಾನು ಸೊಸೆಯಲ್ಲವಾದ್ದರಿಂದ ಧಾರಾಳವಾಗಿ ಬರೆಯುತ್ತಿದ್ದೇನೆ. ಗೋಕಿಲಾ ಬರೆಯುವಂತಿಲ್ಲ, ಬಾಯಲ್ಲಿ ಹೇಳುವಂತೆಯೂ ಇಲ್ಲ. ಆ ಮನೆಗಳಲ್ಲಿ ಸೊಸೆಯಾದವಳು ಅತ್ತೆಯ, ಮಾವನ ಹೆಸರು ಹೇಳಿದರೆ ಅವರ ಆಯುಸ್ಸು ಸವೆಯುತ್ತದೆ ಎಂಬ ನಂಬಿಕೆ. ಊರಿನ ದೇವಿಗೂ ಅದೇ ಹೆಸರು. ಹಾಗಾಗಿ ಗೋಕಿಲಾ ಮದುವೆಯಾಗಿ ಬಂದ ಮೇಲೆ ದೇವಿಯನ್ನು ‘ದೊಡ್ಡಮ್ಮ’ ಎಂದೇ ಕರೆಯುತ್ತಾಳೆ. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಾಳೆ, ಅವರು ಹೇಳುತ್ತಾರೆ. ಓದಿದವಳಿಗೆ ಇದೇನು ಹುಚ್ಚು ಎಂದು ನಾನು ಬೈದದ್ದುಂಟು. “ನಂಬಿಕೆ ಅಲ್ಲ ಅಕ್ಕಾ, ನಾಲಿಗೆನೇ ಹೊರಳಲ್ಲ” ಎನ್ನುತ್ತಿದ್ದಳು.

ಅವಳ ಥೀಸಿಸ್ಸಿನ ವಿಷಯ ಕೈಮಗ್ಗದ ಮನೆಗಳಲ್ಲಿ ಹೆಂಗಸರು ಮಾಡುವ ಕೆಲಸ. ನೂಲು ಸುತ್ತುವುದು, ಮಗ್ಗಕ್ಕೆ ಬೇಕಾದ ಉದ್ದ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು ಗಂಜಿ ಹಾಕುವುದು, ಹರಿದ ಎಳೆ ಸೇರಿಸುವುದು, ಇವೆಲ್ಲ ಹೆಂಗಸರದು. ಲೆಕ್ಕಕ್ಕೆ ನೇಕಾರ ಎಂದು ಬರುವುದು ಗಂಡಸು. ಮೂರನೆಯ ಅಧ್ಯಾಯ ಗಂಜಿಯದ್ದು. ಆಷಾಢದಲ್ಲಿ ಪಾಲಕ್ಕಾಡಿನ ಕಡೆಯಿಂದ ಗಾಳಿ ನುಗ್ಗಿದಾಗ ಗಂಜಿಯನ್ನು ಎಷ್ಟು ತೆಳುವಾಗಿಸಬೇಕು, ಎಣ್ಣೆ ಎಷ್ಟು ಬಿಡಬೇಕು, ಹಾಸು ಒಣಗಿತೋ ಇಲ್ಲವೋ ಎಂದು ಒಂದು ಎಳೆಯನ್ನು ತುಟಿಗೆ ತಾಗಿಸಿ ಹೇಗೆ ತಿಳಿಯಬೇಕು, ಇಂಥವೆಲ್ಲ ಅದರಲ್ಲಿದ್ದವು. ಇವನ್ನೆಲ್ಲ ಹೇಳಿದವರು ಅತ್ತೆಯೇ. ಸುಮ್ಮನೆ ಕೂರಿಸಿ ಕೇಳಿದರೆ ಪೆರಿಯನಾಯಕಿಯಮ್ಮ ಒಂದು ಮಾತೂ ಆಡುವುದಿಲ್ಲ. ಕೈ ಗಂಜಿಯಲ್ಲಿರಬೇಕು, ಆಗ ಬಾಯಿ ಬಿಚ್ಚುತ್ತದೆ. ಹಾಗಾಗಿ ಗೋಕಿಲಾ ಎಷ್ಟೋ ಶನಿವಾರ, ಭಾನುವಾರ ಬೆಳಗ್ಗೆ ಬೀದಿಯಲ್ಲಿ ಹಾಸಿನ ಇನ್ನೊಂದು ತುದಿ ಹಿಡಿದು ನಿಂತು ಕೇಳಿದಳು. ಆಮೇಲೆ ಮನೆಯೊಳಗೆ ಓಡಿ ಬರೆದಳು.

ಇಂಗ್ಲಿಷಿನಲ್ಲಿ ಬರೆದದ್ದು ಹೇಗೆ? “ಹಿರಿಯರು ಹೇಳುವಂತೆ.” “ಹಿರಿಯ ಹೆಂಗಸರ ಪ್ರಕಾರ.” ಅಧ್ಯಾಯದ ಉದ್ದಕ್ಕೂ ಇದೇ. ಯಾರ ಮಾತನ್ನು ಬಳಸಿದರೂ ಅಲ್ಲಿಯೇ ಬ್ರಾಕೆಟ್ ಹಾಕಿ ಹೆಸರು, ವರ್ಷ ಬರೆಯಬೇಕು ಎಂದು ನಾನು ಪ್ರತಿವರ್ಷ ಸಂಶೋಧಕರಿಗೆ ಪಾಠ ಹೇಳುತ್ತೇನೆ. ಗೋಕಿಲಾ ಮೊದಲ ಸಾಲಿನಲ್ಲಿ ಕೂತು ಕೇಳಿದವಳು. ಪುಸ್ತಕಗಳಿಂದ ತೆಗೆದುಕೊಂಡ ಜಾಗದಲ್ಲೆಲ್ಲ ಅವಳ ಬ್ರಾಕೆಟ್‌ಗಳು ಚೊಕ್ಕವಾಗಿದ್ದವು. ಅತ್ತೆಯ ಮಾತು ಬಂದ ಕಡೆ ಮಾತ್ರ ಸೊಸೆ ಸುಮ್ಮನಾಗಿದ್ದಳು.

ಅಲ್ಲಿಂದಲೇ ಎಲ್ಲ ಎಡವಟ್ಟು. ಮಾರನೆಯ ದಿನ ನಾವಿಬ್ಬರೂ ಪ್ರೊಫೆಸರ್ ಕೋಣೆಗೆ ಹೋದೆವು. ದೀನದಯಾಳನ್ ಕೆಟ್ಟ ಮುಖ ಮಾಡಲಿಲ್ಲ. ಕೂರಿಸಿ ಕಾಫಿ ತರಿಸಿದರು. ಅವರು ತಮಿಳಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

“ನೀನೇ ಬರೆದಿದ್ದೀಯಲ್ಲಮ್ಮಾ, ಹಿರಿಯರು ಹೇಳುವಂತೆ ಅಂತ. ಹಿರಿಯರು ಅಂದರೆ ಊರು. ಊರಿನ ಮಾತಿಗೆ ಯಾರ ಹೆಸರು ಹಾಕಲಿ? ಹೆಸರು ಇದ್ದಿದ್ದರೆ ನಾನು ಹಾಕದೆ ಬಿಡುತ್ತಿದ್ದೆನಾ?”

“ಅದು ನಾನು ನಿಮಗೆ ತಿದ್ದಲು ಕೊಟ್ಟ ಪ್ರತಿ ಸಾರ್” ಎಂದಳು ಗೋಕಿಲಾ.

“ಹೌದು. ಅದಕ್ಕೇ ಲೇಖನದ ಕೊನೆಯಲ್ಲಿ ನಿನಗೆ ಧನ್ಯವಾದ ಹೇಳಿದ್ದೇನೆ, ನೋಡು. ಈಗ ತಲೆ ಬಿಸಿ ಮಾಡಿಕೊಳ್ಳಬೇಡ. ಕೆಂಪಾದ ಜಾಗದಲ್ಲೆಲ್ಲ ಬ್ರಾಕೆಟ್ಟಿನಲ್ಲಿ ನನ್ನ ಹೆಸರು, ವರ್ಷ ಹಾಕು. ಒಂದು ಮಧ್ಯಾಹ್ನದ ಕೆಲಸ. ಕೆಂಪೂ ಹೋಗುತ್ತದೆ, ನಾನೂ ಸಹಿ ಹಾಕುತ್ತೇನೆ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾವು ಯಾರು ಎಂಬುದಷ್ಟೇ ಪ್ರಶ್ನೆ. ನನ್ನ ಹೊಟ್ಟೆ ಉರಿಸಿದ ಸಂಗತಿ ಏನೆಂದರೆ, ನಿಯಮದ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಚ್ಚಾದದ್ದು ಅವರ ಲೇಖನ. ಅಚ್ಚಾದದ್ದನ್ನು ಹೆಸರಿಸಬೇಕು. ಅವರ ಹೆಸರು ಹಾಕಿದರೆ ಗೋಕಿಲಾಳ ಬ್ರಾಕೆಟ್‌ಗಳು ಎಲ್ಲ ಸರಿ, ಅದರೊಳಗಿನ ಮಾತು ಪೂರ್ತಿ ಸುಳ್ಳು.

ಹೊರಗೆ ಬಂದ ಮೇಲೆ ನಾನು ಇನ್ನೊಂದು ದಾರಿ ಹೇಳಿದೆ. ಪುಸ್ತಕದಲ್ಲಿ ಇಲ್ಲದ, ಎದುರಿಗೆ ಕೂತು ಆಡಿದ ಮಾತಿಗೂ ಬ್ರಾಕೆಟ್ ಇದೆ. ಹೇಳಿದವರ ಹೆಸರು, ‘ವೈಯಕ್ತಿಕ ಮಾತುಕತೆ’, ದಿನಾಂಕ. ಅತ್ತೆಯ ಹೆಸರು ಹಾಕು, ಪಕ್ಕದಲ್ಲಿ ಬೇಕಾದರೆ ಗೈಡ್ ಹೆಸರನ್ನೂ ಹಾಕು, ಯಾರ ಮಾತು ಯಾರ ಲೇಖನಕ್ಕೆ ಹೋಯಿತು ಎಂದು ಓದಿದವರಿಗೆ ತಿಳಿಯಲಿ ಎಂದೆ.

“ಸಾರ್ ಸಹಿ ಹಾಕ್ತಾರಾ?”

“ಹಾಕಲಿಕ್ಕಿಲ್ಲ.”

ಜೂನ್ ಒಳಗೆ ಡಾಕ್ಟರೇಟ್ ಇಲ್ಲದವರನ್ನು ಮುಂದುವರಿಸುವುದಿಲ್ಲ ಎಂದು ಕಾಲೇಜಿನವರು ಸುತ್ತೋಲೆ ಹೊರಡಿಸಿದ್ದರು. ಆಗ ಫೆಬ್ರವರಿ. ಗೈಡ್ ಸಹಿ ಇಲ್ಲದಿದ್ದರೆ ವೈವಾ ಇಲ್ಲ. ವೈವಾ ಇಲ್ಲದಿದ್ದರೆ ಕೆಲಸ ಇಲ್ಲ. “ಅದೂ ಅಲ್ದೆ, ಅತ್ತೆ ಪೇರು ನಾ ಹೆಂಗೆ ಬರೆಯೋದು ಅಕ್ಕಾ? ಅವ್ರನ್ನೇ ಒಂದ್ ಮಾತು ಕೇಳ್ತೀನಿ” ಎಂದಳು.

ಭಾನುವಾರ ನನ್ನನ್ನೂ ಕರೆದುಕೊಂಡು ಹೋದಳು. ಧಾರಾಪುರಂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ಪೆರಿಯನಾಯಕಿಯಮ್ಮ ಜಗಲಿಯಲ್ಲಿ ರಾಟೆಯ ಮುಂದೆ ಕೂತಿದ್ದರು. ಸಣ್ಣ ದೇಹ, ದೊಡ್ಡ ಕೈಗಳು. ನನಗೆ ಮಜ್ಜಿಗೆ ಕೊಟ್ಟು, ನನ್ನ ಕನ್ನಡ ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗೋಕಿಲಾ ಏನು ಹೇಳಬೇಕೆಂದು ತಡವರಿಸುತ್ತಿದ್ದಾಗ ನಾನು ಪ್ರೊಫೆಸರರ ಲೇಖನದ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಓದು ಬಾರದ ಆಕೆ ಹಾಳೆ ತಿರುಗಿಸುತ್ತ ಒಂದು ಫೋಟೋದ ಮೇಲೆ ನಿಂತರು. ಹಾಸಿನ ಮೇಲೆ ಗಂಜಿ ಸವರುತ್ತಿರುವ ಎರಡು ಕೈ. ಮುಖ ಇಲ್ಲ. ಕೆಳಗೆ ‘ಗಂಜಿ ಹಾಕುತ್ತಿರುವ ಮಹಿಳೆ’ ಎಂದು ಇಂಗ್ಲಿಷಿನಲ್ಲಿತ್ತು.

“ಇದು ನನ್ ಕೈ” ಎಂದರು ಪೆರಿಯನಾಯಕಿಯಮ್ಮ.

ಗೋಕಿಲಾ ಆಗ ಎಲ್ಲ ಹೇಳಿದಳು. ಸಾರ್ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದು, ಈಗ ಅವರ ಹೆಸರನ್ನೇ ತನ್ನ ಪುಸ್ತಕದಲ್ಲೂ ಹಾಕಬೇಕಾಗಿ ಬಂದಿರುವುದು, ಹಾಕದಿದ್ದರೆ ಆಗುವುದು. ಅತ್ತೆ ರಾಟೆ ನಿಲ್ಲಿಸಲಿಲ್ಲ.

“ಆ ಸಾರ್ ತಾನೆ, ಎರಡ್ ಸಲಿ ಅನ್ನಕ್ಕೆ ಕೊಳಂಬು ಹಾಕಿಸ್ಕೊಂಡೋರು?”

“ಹೂಂ ಅತ್ತೆ.”

“ಅವ್ರ ಪೇರು ಹಾಕುದ್ರೆ ನಿನ್ ಕಾಲೇಜ್ ವೇಲೆ ಉಳಿಯುತ್ತಾ?”

“ಉಳಿಯುತ್ತೆ.”

“ಹಾಕ್ಬುಡು ಅಮ್ಮಣಿ. ನನ್ ಪೇರು ಇಟ್ಕೊಂಡು ಏನ್ ಮಾಡಾದು? ನಿಮ್ ಮಾವ ಇದ್ದಾಗ ನೇಕಾರ್ರ ಸೊಸೈಟಿಲಿ ಎಲ್ಲಾ ಅವ್ರ ಪೇರಲ್ಲೇ. ನೇದೋಳು ನಾನು, ಪೊನ್ನಾಡೆ ಶಾಲು ಹೊದಿಸಿದ್ದು ಅವ್ರಿಗೆ. ಅದಕ್ಕೆ ನಾ ಏನಾದ್ರೂ ಅಂದೆನಾ?”

ಇಷ್ಟು ಹೇಳಿ ಅಡಿಗೆ ಮನೆಗೆ ಎದ್ದು ಹೋದರು. ನೀರು ಕೇಳುವ ನೆಪದಲ್ಲಿ ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ಸುಮ್ಮನೆ ನಿಂತಿದ್ದರು, ಒಲೆ ಹೊತ್ತಿಸಿರಲಿಲ್ಲ. ಲೇಖನದ ಆ ಹಾಳೆ ಕೈಯಲ್ಲೇ ಇತ್ತು. “ಮೊಗ ಆದ್ರೂ ತೆಗೆದಿರಬೋದಿತ್ತು” ಎಂದರು. ನನಗೆ ಹೇಳಿದರೋ ಒಲೆಗೆ ಹೇಳಿದರೋ. ನಾನು ನೀರು ಕುಡಿಯದೆಯೇ ಹೊರಗೆ ಬಂದೆ.

ಮುಂದಿನ ವಾರ ಗೋಕಿಲಾ ಲೈಬ್ರರಿಯಲ್ಲಿ ಕೂತು ‘ಹಿರಿಯರು ಹೇಳುವಂತೆ’ ಎಂಬುದನ್ನೆಲ್ಲ ತೆಗೆದು ಬ್ರಾಕೆಟ್ ಹಾಕಿದಳು. (ದೀನದಯಾಳನ್, 2023). ಮತ್ತೆ (ದೀನದಯಾಳನ್, 2023). ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ನಾನು ಗೊಣಗಿದೆ. ಅವಳು ತಲೆ ಎತ್ತಲಿಲ್ಲ. ಕಂಪ್ಯೂಟರಿಗೆ ಹಾಕಿದರೆ ಒಂದು ಸಾಲೂ ಕೆಂಪಾಗಲಿಲ್ಲ. ಸರ್ಟಿಫಿಕೇಟಿಗೆ ಸೀಲು ಹಾಕುವಾಗ ನನ್ನ ಕೆಲಸದ ಮೇಲೆಯೇ ನನಗೆ ಹೇಸಿಗೆಯಾಯಿತು.

ಥೀಸಿಸ್ ಹೊರಗಿನ ಪರೀಕ್ಷಕರಿಗೆ ಹೋಗಿ, ಮೇ ತಿಂಗಳಲ್ಲಿ ವೈವಾ ಬಂತು. ಇಲ್ಲಿ ವೈವಾ ಎಂದರೆ ಅರ್ಧ ಪರೀಕ್ಷೆ, ಅರ್ಧ ಮದುವೆ. ಯಾರು ಬೇಕಾದರೂ ಬಂದು ಕೂರಬಹುದು. ನೆಂಟರೆಲ್ಲ ಬರುತ್ತಾರೆ, ಬಂದವರಿಗೆ ಸಂಶೋಧಕರೇ ಊಟ ಹಾಕಿಸುತ್ತಾರೆ. ಗೋಕಿಲಾ ನುಣ್ಣಗೆ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು, ಅತ್ತೆ ನೇದದ್ದು. ಮುರುಗೇಶನ್ ಬಾಳೆ ಎಲೆಯ ಕಟ್ಟು ಹಿಡಿದು ಓಡಾಡುತ್ತಿದ್ದ. ಪೆರಿಯನಾಯಕಿಯಮ್ಮ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತರು. ಫ್ಯಾನಿನ ಗಾಳಿಗೆ ಚಳಿ ಎಂದು ಸೆರಗು ಹೊದ್ದುಕೊಂಡರು.

ಪರೀಕ್ಷಕಿಯ ಹೆಸರು ಶೋಭನಾ. ವಯಸ್ಸಾದವರು, ಮೆಲುದನಿ. ಮೊದಲು ಇಂಗ್ಲಿಷಿನಲ್ಲಿ ಏನೇನೋ ಕೇಳಿದರು, ಗೋಕಿಲಾ ಚೆನ್ನಾಗಿಯೇ ಉತ್ತರಿಸಿದಳು. ಆಮೇಲೆ ಮೂರನೆಯ ಅಧ್ಯಾಯ ತೆಗೆದು ತಮಿಳಿಗೆ ತಿರುಗಿದರು.

“ಎಳೆಯನ್ನು ತುಟಿಗೆ ತಾಗಿಸಿ ನೋಡುವುದು ಅಂತ ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಆದರೆ ಬ್ರಾಕೆಟ್ಟಿನಲ್ಲಿ ನಿಮ್ಮ ಗೈಡ್ ಹೆಸರಿದೆ. ಅವರ ಲೇಖನ ತೆಗೆದು ನೋಡಿದೆ, ಅಲ್ಲಿ ಯಾರು ಹೇಳಿದ್ದು ಅಂತ ಇಲ್ಲ. ಹೆಂಗಸರ ಹೆಸರು ಎಲ್ಲಿಯೂ ಬರುವುದಿಲ್ಲ ಅಂತ ಹೇಳುವ ಥೀಸಿಸ್ ಇದು. ನಿಮಗೆ ಗೊತ್ತಿದೆಯಾ, ಇದನ್ನು ಹೇಳಿದ ಹೆಂಗಸು ಯಾರು?”

ಮುಂದಿನ ಸಾಲಿನಲ್ಲಿದ್ದ ದೀನದಯಾಳನ್ ಕಾಲ ಮೇಲಿನ ಕಾಲು ತೆಗೆದರು. ಗೋಕಿಲಾ ಅವರನ್ನು ನೋಡಿದಳು, ಹಿಂದೆ ಕೊನೆಯ ಸಾಲನ್ನು ನೋಡಿದಳು. ಹೇಳಬೇಡ ಗೋಕಿಲಾ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ, ಜೂನ್ ದಾಟಲಿ. ಮರುಕ್ಷಣವೇ ಹೇಳೇ ಎಂದೂ ಅಂದುಕೊಂಡೆ.

“ನಮ್ಮ ಅತ್ತೆ ಹೇಳಿದ್ದು” ಎಂದಳು.

ಶೋಭನಾ ಪೆನ್ನು ತೆಗೆದರು. “ಅವರ ಹೆಸರು?”

ಗೋಕಿಲಾಳ ಬಾಯಿ ತೆರೆಯಿತು. ಮಾತು ಬರಲಿಲ್ಲ. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು, ಕುತ್ತಿಗೆ ಕೆಂಪಾಯಿತು. ಮರೆತಳೇನೋ ಎಂದು ಕಾಲೇಜಿನ ಹುಡುಗರು ಕಿಸಕ್ಕೆಂದರು. ದೀನದಯಾಳನ್ ತಿರುಗಿ ನಗುಮುಖದಿಂದ, “ಸ್ವಲ್ಪ ಗಾಬರಿಯಾಗಿದ್ದಾಳೆ ಮೇಡಂ, ಅದು ಊರವರೆಲ್ಲ ಹೇಳುವ ಮಾತು” ಎಂದರು.

ಆಗ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ಪೆರಿಯನಾಯಕಿಯಮ್ಮ ಎದ್ದು ನಿಂತಿದ್ದರು. ಹೊದ್ದಿದ್ದ ಸೆರಗು ಸರಿಸಿ ಸೊಂಟಕ್ಕೆ ಸಿಕ್ಕಿಸಿದರು, ಗಂಜಿಗೆ ಇಳಿಯುವವರ ಹಾಗೆ.

“ಪೆರಿಯನಾಯಕಿ” ಎಂದರು. “ಅವಳು ಹೇಳಬಾರ್ದು. ಅದಕ್ಕೆ ನಾನೇ ಹೇಳ್ತೀನಿ.”

ಕನ್ನಡದಲ್ಲಿ ಹೇಳಿದ್ದರು. ನಾನು ಎದ್ದು ತಮಿಳಿನಲ್ಲಿ ತಿಳಿಸಿದೆ. ಶೋಭನಾ ಹೆಸರು ಬರೆದುಕೊಂಡು, ಬ್ರಾಕೆಟ್ಟಿಗೆ ದಿನಾಂಕವೂ ಬೇಕಲ್ಲ, ಇದನ್ನೆಲ್ಲ ಯಾವಾಗ ಹೇಳಿದಿರಮ್ಮಾ ಎಂದು ಕೇಳಿದರು.

“ದಿನಾ ಹೇಳ್ತಾನೇ ಇದೀನಿ” ಎಂದರು ಪೆರಿಯನಾಯಕಿಯಮ್ಮ, ಈ ಸಲ ತಮಿಳಿನಲ್ಲೇ. ಸಭೆ ನಕ್ಕಿತು. ಅವರು ನಗಲಿಲ್ಲ.

ಊಟಕ್ಕೆ ದೀನದಯಾಳನ್ ನಿಲ್ಲಲಿಲ್ಲ. ವೈವಾ ಪಾಸಾಗಿತ್ತು, ಒಂದು ತಿದ್ದುಪಡಿಯೊಂದಿಗೆ: ಮೂರನೆಯ ಅಧ್ಯಾಯದಲ್ಲಿ ಎಲ್ಲ ಕಡೆ ಹೇಳಿದವರ ಹೆಸರು ಬರಬೇಕು, ತಿದ್ದಿದ ಪ್ರತಿಗೆ ಗೈಡ್ ಸಹಿ ಹಾಕಿ ಕಳಿಸಬೇಕು. ಪಾಯಸ ಬಡಿಸುತ್ತಿದ್ದ ಮುರುಗೇಶನ್‌ಗೆ ಇದರಲ್ಲಿ ಏನು ಸಿಕ್ಕಿಕೊಂಡಿದೆ ಎಂದು ತಿಳಿದಿರಲಿಲ್ಲ. ಗೋಕಿಲಾಳಿಗೆ ತಿಳಿದಿತ್ತು.

ತಿದ್ದುಪಡಿಗೆ ಮತ್ತೆ ಲೈಬ್ರರಿಗೇ ಬಂದಳು. ಮೊದಲ ಬ್ರಾಕೆಟ್ ತೆರೆದು, ಬೆರಳು ಅಕ್ಷರಗಳ ಮೇಲೆ ಇಟ್ಟು ಹಾಗೇ ಕೂತಳು. ನಾನು ಹಾಕಲಾ ಎಂದೆ. ಬೇಡ ಎಂದಳು. ಒಂದೊಂದೇ ಅಕ್ಷರ ಒತ್ತಿದಳು, ಪ್ರತಿ ಜಾಗದಲ್ಲೂ ಹೊಸದಾಗಿಯೇ. ಒಮ್ಮೆ ಬರೆದದ್ದನ್ನು ನಕಲು ಮಾಡಿ ಅಂಟಿಸಲಿಲ್ಲ. ಮುಗಿದ ಮೇಲೆ, “ಅಕ್ಕಾ, ನೀವೇ ಜೋರಾಗಿ ಓದಿ, ಸರಿ ಇದ್ಯಾ ನೋಡಿ” ಎಂದಳು. ನಾನು ಓದಿದೆ. ಹೆಸರು ಬಂದಾಗಲೆಲ್ಲ ಅವಳು ತುಟಿ ಬಿಗಿಹಿಡಿದು ತಲೆ ತಗ್ಗಿಸುತ್ತಿದ್ದಳು. ಇಂಥ ಮಾತುಕತೆಯ ಹೆಸರು ಬ್ರಾಕೆಟ್ಟಿನಲ್ಲಿ ಮಾತ್ರ, ಪುಸ್ತಕದ ಕೊನೆಯ ಗ್ರಂಥಗಳ ಪಟ್ಟಿಯಲ್ಲಿ ಬರುವುದಿಲ್ಲ ಎಂಬ ನಿಯಮವನ್ನು ಆಗ ಹೇಳಬೇಕಾಯಿತು. ಅಲ್ಲಿ ದೀನದಯಾಳನ್ ಹೆಸರು ಇದ್ದೇ ಇರುತ್ತದೆ. “ಇರಲಿ ಬಿಡಿ” ಎಂದಳು.

ತಿದ್ದಿದ ಪ್ರತಿ ಪ್ರೊಫೆಸರ್ ಮೇಜಿನ ಮೇಲಿದೆ. ನಿಧಾನವಾಗಿ ಓದಬೇಕು ಎಂದಿದ್ದಾರೆ. ನಾನು ಎರಡು ಸಲ ಹೋಗಿ ಕೇಳಿದೆ, ಎರಡು ಸಲವೂ ಕಾಫಿ ತರಿಸಿದರು, ನಾನು ಕುಡಿಯಲಿಲ್ಲ. ಜೂನ್ ಬಂತು. ಗೋಕಿಲಾಳ ಕ್ಲಾಸುಗಳನ್ನು ಬೇರೆಯವರಿಗೆ ಹಂಚಿದರು. ಸಹಿಯಾದ ದಿನ ಬನ್ನಿ, ನೋಡೋಣ ಎಂದರು ಕಾಲೇಜಿನವರು. ಪರೀಕ್ಷಕಿಗೂ ಬರೆದಿದ್ದೇವೆ, ಉತ್ತರ ಬಂದಿಲ್ಲ.

ಈಗ ಅವಳು ಊರಿನಲ್ಲೇ ಇದ್ದಾಳೆ. ಬೆಳಗ್ಗೆ ಬೀದಿಯಲ್ಲಿ ಹಾಸಿನ ಇನ್ನೊಂದು ತುದಿ ಹಿಡಿಯುತ್ತಾಳೆ. ಆಷಾಢದ ಗಾಳಿ ಎದ್ದಿದೆ. ನಿನ್ನೆ ಫೋನು ಮಾಡಿದ್ದಳು. ಗಾಳಿಯ ಸದ್ದಿನಲ್ಲಿ ಅವಳ ದನಿ ಅರ್ಧಂಬರ್ಧ ಕೇಳುತ್ತಿತ್ತು.

“ಇವತ್ತು ಗಂಜಿ ಹಾಕೋವಾಗ ಅತ್ತೆ ಕೇಳುದ್ರು ಅಕ್ಕಾ. ‘ನನ್ ಪೇರಿಂದ ತಾನೆ ಅಮ್ಮಣಿ, ನಿನ್ ವೇಲೆ ಹೋದದ್ದು?’ ಅಂತ.”

“ನೀ ಏನಂದೆ?”

“ಎಳೆ ಹರಿದಿತ್ತು, ಸೇರಿಸ್ತಾ ಇದ್ದೆ.” ಆಮೇಲೆ ಅವಳೇ, “ಏನನ್ಬೇಕಿತ್ತು ಅಕ್ಕಾ?” ಎಂದಳು.

ಗಾಳಿ ಜೋರಾಗಿದೆ, ಆಮೇಲೆ ಮಾಡು ಎಂದು ಫೋನು ಇಟ್ಟೆ.